ಕಂಬನಿ ಬತ್ತಿದವರು

ಬಾಯಾರಿಕೆ ಎಂಬ ನಮ್ಮ ಮಾತನ್ನು ಬಿಡಿಸಿ ನೋಡಿದರೆ ಬಾಯಿ ಆರುವುದು ಎಂದಷ್ಟೇ ಅರ್ಥ. ಒದ್ದೆ ಬಟ್ಟೆ ಆರಿದಂತೆ, ಗದ್ದೆಯ ಕೆಸರು ಆರಿದಂತೆ ಬಾಯಿಯೂ ಆರುತ್ತದೆ. ನೀರು ಕುಡಿದರೆ ತೀರುತ್ತದೆ. ಆದರೆ ಎಷ್ಟು ನೀರು ಕುಡಿದರೂ ಆರಿದ ಬಾಯಿ ಆರಿಯೇ ಇರುವ ಸ್ಥಿತಿಯೊಂದುಂಟು. ಅಲ್ಲಿ ದೇಹಕ್ಕೆ ನೀರಿನ ಕೊರತೆಯಿಲ್ಲ. ಬಾಯಲ್ಲಿ ಜಿನುಗಬೇಕಾದ ಒರತೆಯೇ ಬತ್ತಿರುತ್ತದೆ. ಉತ್ತರ ಕರ್ನಾಟಕದವರು ಬಳಸುವ ನೀರಡಿಕೆ ಎಂಬ ಮಾತಿನಲ್ಲಿ ಬಾಯಿಯ ಪ್ರಸ್ತಾಪವಿಲ್ಲ. ದೇಹ ನೀರು ಬೇಡುವುದಕ್ಕೆ ಆ ಮಾತನ್ನೂ, ಬಾಯಿ ಒಣಗುವುದಕ್ಕೆ ಈ ಮಾತನ್ನೂ ನಾವು ಹಂಚಿಕೊಂಡು ಬಳಸುತ್ತಿದ್ದರೆ ನನ್ನ ಅಕ್ಕನ ಬದುಕಿನ ಹತ್ತು ವರ್ಷ ಉಳಿಯುತ್ತಿತ್ತೋ ಏನೋ.

ನಾನು ವೈದ್ಯನಲ್ಲ. ಮೂವತ್ತನಾಲ್ಕು ವರ್ಷ ಕಾಲೇಜುಗಳಲ್ಲಿ ಹಳಗನ್ನಡ ಕಾವ್ಯ, ಕಾವ್ಯಮೀಮಾಂಸೆ ಪಾಠ ಹೇಳಿ ನಿವೃತ್ತನಾದವನು. ಇಂಥವನು ಒಂದು ರೋಗದ ಚರಿತ್ರೆಯನ್ನು ಹೇಳಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಮದ್ದು ಹೇಳುವ ಉದ್ದೇಶ ನನಗಿಲ್ಲ. ಒಂದು ನೋವನ್ನು ಜನ ಹೇಗೆ ತುಂಡುತುಂಡಾಗಿ ಕಂಡರು, ಆ ತುಂಡುಗಳನ್ನು ಯಾರು ಜೋಡಿಸಿದರು, ಜೋಡಿಸಿದವನಿಗೆ ಏನು ಸಂದಿತು ಎಂಬುದು ಸಾಹಿತ್ಯದ ವಿದ್ಯಾರ್ಥಿಗೂ ಸಲ್ಲುವ ಕಥೆಯೇ. ಜೊತೆಗೆ ನನ್ನದೊಂದು ಸಾಲವೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅಕ್ಕನನ್ನು ಕೊಟ್ಟದ್ದು ಸಾಗರದ ಕಡೆಗೆ. ಅಡಕೆ ತೋಟದ ಮನೆ, ತುಂಬಿದ ಕುಟುಂಬ. ವಯಸ್ಸು ಐವತ್ತನ್ನು ಸಮೀಪಿಸುತ್ತಿದ್ದಂತೆ ಅವಳಿಗೆ ಅವಲಕ್ಕಿ, ಚಕ್ಕುಲಿ, ಹಪ್ಪಳ ಯಾವುದೂ ನೀರಿಲ್ಲದೆ ಗಂಟಲಲ್ಲಿ ಇಳಿಯದಾಯಿತು. ರಾತ್ರಿ ನಾಲಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತಿತ್ತು. ತಲೆದೆಸೆಯಲ್ಲಿ ಸದಾ ಒಂದು ಚೊಂಬು ನೀರು. 'ಬಾಯಾರಿಕೆ' ಎಂದಳು, ವೈದ್ಯರು ಸಕ್ಕರೆ ಕಾಯಿಲೆಯಿರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದರು. ಮೂರು ಸಲ ಮಾಡಿಸಿದರು, ಮೂರು ಸಲವೂ ಸಕ್ಕರೆಯಿರಲಿಲ್ಲ. ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆ ಎಂದಳು, ಒಲೆಯ ಹೊಗೆಯೆಂದರು. ಬೆರಳ ಗಂಟುಗಳು ನೋಯುತ್ತವೆ ಎಂದಳು, ವಾತವೆಂದರು. ಹಲ್ಲುಗಳು ಒಂದಾದಮೇಲೊಂದು ಹುಳುಕಾಗಿ ಬಿದ್ದವು. ಎಲೆಯಡಕೆ ಬಿಡಬೇಕೆಂದು ದಂತವೈದ್ಯರು ಗದರಿದರು. ಅಡಕೆ ತೋಟದ ಮನೆಯಲ್ಲಿದ್ದೂ ಅವಳು ಜನ್ಮದಲ್ಲಿ ಎಲೆಯಡಕೆ ಹಾಕಿದವಳಲ್ಲ. ಕೊನೆಗೆ ಒಬ್ಬರು ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಹೀಗೆಲ್ಲ ಅನ್ನಿಸುವುದುಂಟು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು. ಆಮೇಲೆ ಅಕ್ಕ ಹೇಳುವುದನ್ನೇ ಬಿಟ್ಟಳು.

2004ರ ಮಳೆಗಾಲದಲ್ಲಿ ಭಾವ ಇದ್ದಕ್ಕಿದ್ದಂತೆ ತೀರಿಕೊಂಡರು. ನಾನು ಹೋಗಿ ಮುಟ್ಟುವ ಹೊತ್ತಿಗೆ ಮನೆ ತುಂಬ ಜನ. ಅಕ್ಕ ಕಂಬಕ್ಕೆ ಒರಗಿ ಕುಳಿತಿದ್ದಳು. ಕಣ್ಣು ಕೆಂಪಾಗಿತ್ತು, ಆದರೆ ಒಣಗಿತ್ತು. ಮುಖ ಕಿವುಚಿಕೊಂಡಿತ್ತು, ಗಂಟಲಿನಿಂದ ಒಂದು ಬಗೆಯ ಸದ್ದು ಬರುತ್ತಿತ್ತು, ನೀರು ಬರಲಿಲ್ಲ. ಹೆಣ ಎತ್ತುವಾಗಲೂ ಬರಲಿಲ್ಲ. ಹನ್ನೊಂದನೆಯ ದಿನ ಹಿತ್ತಲ ಜಗಲಿಯಲ್ಲಿ ದಾಯಾದಿಯ ಮನೆಯ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಮೂವತ್ತು ವರ್ಷ ಸಂಸಾರ ಮಾಡಿದ ಗಂಡ. ಒಂದು ಹನಿ ಕಣ್ಣೀರು ಹಾಕಲಿಲ್ಲವಲ್ಲ ಮಾರಾಯ್ತಿ, ಎಂಥ ಕಲ್ಲು!" ನಾನು ಅಲ್ಲಿಂದ ಸುಮ್ಮನೆ ಎದ್ದುಬಂದೆ. ಸುಮ್ಮನೆ ಬಂದದ್ದಷ್ಟೇ ಆಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಆ ಮಾತು ನಿಜವಿರಬಹುದೇ ಎಂದು ನನಗೂ ಅನ್ನಿಸಿತ್ತು.

ಹಾಗನ್ನಿಸುವುದಕ್ಕೆ ನನ್ನ ವಿದ್ಯೆಯೂ ನೆರವಾಯಿತೆನ್ನಬೇಕು. ಭರತಮುನಿ ಎಣಿಸಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರು ಒಂದು. ಮಿಕ್ಕ ಅಭಿನಯವನ್ನು ಕೈಕಾಲುಗಳಿಂದ ಮಾಡಿ ತೋರಿಸಬಹುದು, ಸಾತ್ತ್ವಿಕವು ಮನಸ್ಸು ಕರಗದೆ ಹುಟ್ಟುವುದಿಲ್ಲ, ಕಣ್ಣೀರು ಹೃದಯದ ಸಾಕ್ಷಿ ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಅಲ್ಲೇ ಭರತನು ಅಶ್ರುವಿಗೆ ಕಾರಣಗಳನ್ನು ಹೇಳುವಾಗ ಸಂತೋಷ, ಶೋಕಗಳ ಜೊತೆಗೆ ಹೊಗೆ, ಅಂಜನ, ಆಕಳಿಕೆ, ರೆಪ್ಪೆ ಬಡಿಯದ ನೋಟ, ಚಳಿ, ರೋಗ ಇವನ್ನೂ ಸೇರಿಸಿದ್ದಾನೆ. ಅದನ್ನು ನಾನು ಬೇಗಬೇಗ ಓದಿ ಮುಂದೆ ಹೋಗುತ್ತಿದ್ದೆ. ರೋಗದಿಂದ ಕಣ್ಣೀರು ಬರಬಹುದಾದರೆ ರೋಗದಿಂದ ಬಾರದೆಯೂ ಹೋಗಬಹುದೆಂಬುದು ನನಗೂ ಹೊಳೆದಿರಲಿಲ್ಲ, ನನ್ನ ವಿದ್ಯಾರ್ಥಿಗಳು ಯಾರೂ ಕೇಳಿರಲಿಲ್ಲ.

2010ರಲ್ಲಿ ಅಕ್ಕನ ಕಣ್ಣಿನ ಉರಿ ತಡೆಯಲಾರದಷ್ಟಾಗಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಕಿರಿಯ ವಯಸ್ಸಿನ ಕಣ್ಣಿನ ವೈದ್ಯೆ ಸಣ್ಣ ಕಾಗದದ ಪಟ್ಟಿಯೊಂದರ ತುದಿಯನ್ನು ಮಡಿಸಿ ಅಕ್ಕನ ಕೆಳರೆಪ್ಪೆಗೆ ಸಿಕ್ಕಿಸಿ ಗಡಿಯಾರ ನೋಡುತ್ತ ನಿಂತರು. ಐದು ನಿಮಿಷದ ಮೇಲೆ ತೆಗೆದು ನೋಡಿದರೆ ಪಟ್ಟಿ ತುದಿಯಲ್ಲಿ ಎರಡು ಮಿಲಿಮೀಟರಿನಷ್ಟು ಒದ್ದೆಯಾಗಿತ್ತು. ಅವರು ಅದನ್ನು ಪಕ್ಕಕ್ಕಿಟ್ಟು, "ಅಮ್ಮಾ, ಬಾಯಿಯೂ ಒಣಗುತ್ತದೆಯೇ? ಕೈಬೆರಳು ನೋಯುತ್ತದೆಯೇ?" ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ಕಣ್ಣಿನ ಡಾಕ್ಟರು ಬಾಯಿಯ ವಿಷಯ ಕೇಳಿದ್ದು ಅದೇ ಮೊದಲು ಎಂದು ಹೊರಗೆ ಬಂದಮೇಲೆ ಹೇಳಿದಳು. ರಕ್ತ ಪರೀಕ್ಷೆಯಾಯಿತು, ಕೆಳತುಟಿಯ ಒಳಗಿನಿಂದ ಸಾಸಿವೆಕಾಳಿನಷ್ಟು ಮಾಂಸ ತೆಗೆದು ನೋಡಿದ್ದಾಯಿತು. ರೋಗಕ್ಕೆ ಹೆಸರು ಸಿಕ್ಕಿತು. ಶೋಗ್ರನ್ ರೋಗ. ನಮ್ಮಲ್ಲಿ ಹೆಚ್ಚಿನವರು ಜೋಗ್ರನ್ ಎನ್ನುತ್ತಾರೆ.

ಕಾಗದದ ಪಟ್ಟಿಯ ಮೇಲಿನ ಆ ಎರಡು ಮಿಲಿಮೀಟರು ನನ್ನನ್ನು ಈ ಓದಿಗೆ ಹಚ್ಚಿತು.

ಮೊದಲು ರೋಗದ ಸ್ವರೂಪವನ್ನು ನನಗೆ ತಿಳಿದಂತೆ ಹೇಳುತ್ತೇನೆ. ಆರೋಗ್ಯವಂತನ ಬಾಯಲ್ಲಿ ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ. ಎಂಜಲು ಎಂದು ನಾವು ಮೈಲಿಗೆಯ ಲೆಕ್ಕಕ್ಕೆ ಸೇರಿಸಿದ ಈ ದ್ರವವೇ ತುತ್ತನ್ನು ನಾದಿ ಕೆಳಗಿಳಿಸುವುದು, ಹಲ್ಲನ್ನು ಕಾಯುವುದು, ರುಚಿಯನ್ನು ನಾಲಗೆಗೆ ಮುಟ್ಟಿಸುವುದು. ಕಣ್ಣಿಗೂ ಅಷ್ಟೆ, ಅಳದೆ ಇರುವಾಗಲೂ ಒಂದು ತೆಳುವಾದ ನೀರಿನ ಪೊರೆ ರೆಪ್ಪೆ ಬಡಿದಾಗಲೆಲ್ಲ ಕಣ್ಣನ್ನು ಸವರುತ್ತಿರುತ್ತದೆ. ಹೊರಗಿನಿಂದ ಬರುವ ರೋಗಾಣುಗಳೊಡನೆ ಹೋರಾಡಲೆಂದು ರಕ್ತದಲ್ಲಿ ಲಿಂಫೋಸೈಟುಗಳೆಂಬ ಬಿಳಿಯ ಕಣಗಳಿವೆ. ಈ ರೋಗದಲ್ಲಿ ಅವು ದಿಕ್ಕು ತಪ್ಪಿ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳಿಗೇ ಮುತ್ತಿಗೆ ಹಾಕುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ಗೊತ್ತಿಲ್ಲ. ಕೀಲುನೋವು, ಮೈಯೆಲ್ಲ ಬಳಲಿಕೆ ಇದರ ಸಂಗಡಿಗರು. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಹೆಚ್ಚಾಗಿ ನಲವತ್ತು, ಐವತ್ತರ ವಯಸ್ಸಿನವರು.

ಸುಶ್ರುತನು ಕಣ್ಣಿನ ರೋಗಗಳನ್ನು ಎಣಿಸುವಾಗ ಶುಷ್ಕಾಕ್ಷಿಪಾಕ ಎಂಬುದೊಂದನ್ನು ಹೇಳಿದ್ದಾನೆ. ಒಣಗಿ ಗಡುಸಾದ ಕಣ್ಣು ಎಂದು ಅದರ ಭಾವ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವ ಚಟ ನನಗಿಲ್ಲ. ಒಣಗಿದ ಕಣ್ಣನ್ನು ಕಂಡದ್ದು ಬೇರೆ, ಅದನ್ನು ಒಣಗಿದ ಬಾಯಿಯೊಡನೆ ಕೂಡಿಸಿ ಕಂಡದ್ದು ಬೇರೆ. ನಾನು ಹುಡುಕುತ್ತಿದ್ದದ್ದು ಎರಡನೆಯದನ್ನು.

ಯೂರೋಪಿನಲ್ಲಿಯೂ ತುಂಡುಗಳೇ ಮೊದಲು ಕಂಡವು. 1882ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಥಿಯೋಡೋರ್ ಲೇಬರ್ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲದಲ್ಲಿ ಎಳೆ ಎಳೆಯಾಗಿ ತೂಗಾಡುವ ಒಂದು ವಿಕಾರವನ್ನು ವರ್ಣಿಸಿದ. ಅದು ಒಣಗಿದ ಕಣ್ಣಿನ ಚಿಹ್ನೆಯೆಂಬುದು ಆಗ ತಿಳಿದಿರಲಿಲ್ಲ. 1888ರಲ್ಲಿ ಎರಡು ಊರುಗಳಲ್ಲಿ, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದಂತೆ, ಇಬ್ಬರು ವೈದ್ಯರು ತಮ್ಮ ತಮ್ಮ ರೋಗಿಗಳನ್ನು ವಿದ್ವತ್ಸಭೆಗಳ ಮುಂದಿಟ್ಟರು. ಪೂರ್ವ ಪ್ರಷ್ಯಾದ ಕೋನಿಗ್ಸ್‌ಬರ್ಗಿನಲ್ಲಿ ಯೋಹಾನ್ ಮಿಕುಲಿಚ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ ತನ್ನ ಬಳಿ ಬಂದ 42 ವರ್ಷದ ರೈತನೊಬ್ಬನ ವಿಷಯ ಹೇಳಿದ. ಅವನ ಕಣ್ಣೀರಿನ ಗ್ರಂಥಿಗಳೂ ಜೊಲ್ಲಿನ ಗ್ರಂಥಿಗಳೂ ಎರಡೂ ಪಕ್ಕದಲ್ಲಿ ಬಾತುಕೊಂಡಿದ್ದವು. ಕಣ್ಣು, ಬಾಯಿ ಎರಡರ ಗ್ರಂಥಿಗಳೂ ಒಟ್ಟಿಗೆ ಕೆಡಬಹುದೆಂದು ಅಲ್ಲಿ ಮೊದಲು ಕಂಡಿತು.

ಇನ್ನೊಂದು ಊರು ಲಂಡನ್. ಅಲ್ಲಿನ ವೈದ್ಯ ವಾಲ್ಟರ್ ಹ್ಯಾಡನ್ ಹೇಳಿದ ಕಥೆ ನನಗೆ ಹೆಚ್ಚು ಹತ್ತಿರದ್ದು. ಅವನ ರೋಗಿ 65 ವರ್ಷದ ಮುದುಕಿ. ತಿಂಗಳುಗಳಿಂದ ಅವಳ ಬಾಯಿ ಒಣಗುತ್ತ ಬಂದಿತ್ತು; ನೀರು ಗುಟುಕರಿಸದೆ ಏನನ್ನೂ ನುಂಗಲಾಗುತ್ತಿರಲಿಲ್ಲ. ಕಣ್ಣೀರೂ ಬತ್ತಿತ್ತು. ಹ್ಯಾಡನ್ ಅವಳಿಗೆ ಜಬೊರಾಂಡಿ ಎಂಬ ಎಲೆಯ ಸಾರವನ್ನು ಕೊಟ್ಟ. ಇದು ಬ್ರೆಜಿಲ್ ದೇಶದ ಗಿಡ. ಅಲ್ಲಿನ ಮೂಲನಿವಾಸಿಗಳ ನುಡಿಯಲ್ಲಿ ಆ ಹೆಸರಿಗೆ ಜೊಲ್ಲು ಸುರಿಸುವಂಥದು ಎಂದೇ ಅರ್ಥವಂತೆ. 1870ರ ದಶಕದಲ್ಲಿ ಬ್ರೆಜಿಲಿನ ವೈದ್ಯನೊಬ್ಬ ಅದನ್ನು ಪ್ಯಾರಿಸ್ಸಿಗೆ ತಂದಿದ್ದ. 1875ರಲ್ಲಿ ಅದರ ಸತ್ತ್ವವಾದ ಪೈಲೋಕಾರ್ಪಿನ್ ಬೇರ್ಪಟ್ಟಿತ್ತು. ಮುದುಕಿಗೆ ಗುಣ ಕಂಡಿತು. ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ಅದೇ ಪೈಲೋಕಾರ್ಪಿನ್ ಅನ್ನು ಇದೇ ರೋಗದ ಒಣಬಾಯಿಗೆ ಔಷಧವೆಂದು ಅಮೆರಿಕದ ಸರ್ಕಾರ ಒಪ್ಪಿದ್ದು 1998ರಲ್ಲಿ. ಹ್ಯಾಡನ್ ಕೊಟ್ಟ 110 ವರ್ಷಗಳ ತರುವಾಯ. ಕಾಡಿನ ಜನ ಎಷ್ಟು ಕಾಲದಿಂದ ಬಲ್ಲವರೋ ಆ ಲೆಕ್ಕ ಬೇರೆ.

ಅಕ್ಕನ ಕಣ್ಣಿಗೆ ಸಿಕ್ಕಿಸಿದ ಕಾಗದದ ಪಟ್ಟಿಗೂ ಇಷ್ಟೇ ವಯಸ್ಸು. ಜರ್ಮನಿಯ ಆಟೋ ಶರ್ಮರ್ ಎಂಬ ವೈದ್ಯ ಅದನ್ನು ಪ್ರಕಟಿಸಿದ್ದು 1903ರಲ್ಲಿ. ಐದು ಮಿಲಿಮೀಟರು ಅಗಲದ ಸೋಸುಕಾಗದ, ಐದು ನಿಮಿಷ. ಐದು ಮಿಲಿಮೀಟರಿಗಿಂತ ಕಡಮೆ ಒದ್ದೆಯಾದರೆ ಕಣ್ಣು ಒಣಗಿದೆಯೆಂದು ಲೆಕ್ಕ. ಶಾಲೆಯ ಮಕ್ಕಳೂ ಮಾಡಬಹುದಾದಷ್ಟು ಸರಳ, ಖರ್ಚಂತೂ ಇಲ್ಲವೇ ಇಲ್ಲ. ಸಕ್ಕರೆಯ ಪರೀಕ್ಷೆ ಮೂರು ಸಲ ಆದ ಅಕ್ಕನಿಗೆ ಈ ಕಾಗದ ಸಿಕ್ಕಲು ಇಷ್ಟು ವರ್ಷ ಹಿಡಿಯಿತು. ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಕಾಗದ ಎಲ್ಲ ಕಡೆಯೂ ಇತ್ತು. ಅದನ್ನು ಹಿಡಿಯಬೇಕೆಂಬ ಪ್ರಶ್ನೆ ಇರಲಿಲ್ಲ.

1920ರ ದಶಕದಲ್ಲಿ ತುಂಡುಗಳು ಒಂದರ ಸಮೀಪಕ್ಕೊಂದು ಬಂದವು. ಪ್ಯಾರಿಸ್ಸಿನ ಚರ್ಮವೈದ್ಯ ಆನ್ರಿ ಗೂಜೆರೋ ಕಣ್ಣು, ಬಾಯಿ, ಒಳಾಂಗಗಳೆಲ್ಲ ಒಟ್ಟಿಗೆ ಒಣಗಿದ ಮೂವರು ರೋಗಿಗಳನ್ನು ಕಂಡು, ಒಣಗುವಿಕೆ ಒಂದು ಅಂಗದ್ದಲ್ಲ, ಇಡೀ ದೇಹದ್ದು ಎಂದು ಬರೆದ. ಫ್ರಾನ್ಸಿನಲ್ಲಿ ಈ ರೋಗಕ್ಕೆ ಅವನ ಹೆಸರನ್ನೂ ಕೂಡಿಸಿಯೇ ಹೇಳುತ್ತಾರೆ. 1927ರಲ್ಲಿ ಡಚ್ ವೈದ್ಯ ಮುಲೋಕ್ ಹೌವರ್ ಲೇಬರ್ ವರ್ಣಿಸಿದ ಎಳೆಗಳ ರೋಗಕ್ಕೂ ಕೀಲುನೋವಿಗೂ ನಂಟಿರುವುದನ್ನು ಗಮನಿಸಿದ.

ಈಗ ಹೆನ್ರಿಕ್ ಶೋಗ್ರನ್. ಸ್ವೀಡನ್ನಿನ ಶೋಪಿಂಗ್ ಎಂಬ ಸಣ್ಣ ಊರಿನಲ್ಲಿ 1899ರ ಜುಲೈ 23ರಂದು ಹುಟ್ಟಿದವನು. ಸ್ಟಾಕ್‌ಹೋಮಿನಲ್ಲಿ ವೈದ್ಯ ಕಲಿತು ಕಣ್ಣಿನ ವೈದ್ಯನಾದ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ ಅವನ ಬಳಿಗೆ ಮಧ್ಯವಯಸ್ಸಿನ ಹೆಂಗಸೊಬ್ಬಳು ಬಂದಳು. ಕಣ್ಣು ಒಣಗಿತ್ತು, ಬಾಯಿ ಒಣಗಿತ್ತು, ಕೀಲುಗಳು ನೋಯುತ್ತಿದ್ದವು. ಕಣ್ಣಿನ ವೈದ್ಯ ಕಣ್ಣಿಗೆ ಮದ್ದು ಹಾಕಿ ಕಳುಹಿಸಿಬಿಡಬಹುದಿತ್ತು. ಮೂರನ್ನೂ ಕೂಡಿಸಿ ನೋಡುವುದು ಅವನ ಕೆಲಸವೆಂದು ಯಾರೂ ಹೇಳಿರಲಿಲ್ಲ. ಅವನು ಕೂಡಿಸಿದ. ಇಂಥವರು ಇನ್ನೂ ಇರಬೇಕೆಂದು ಹುಡುಕತೊಡಗಿದ. 1930ರಲ್ಲಿ ಮೊದಲ ಕೆಲವರ ವಿಷಯ ಬರೆದ. 1933ರಲ್ಲಿ ಜರ್ಮನ್ ಭಾಷೆಯಲ್ಲಿ ಡಾಕ್ಟರೇಟ್ ಪ್ರಬಂಧ ಸಿದ್ಧವಾಯಿತು. ಅದರಲ್ಲಿದ್ದವರು 19 ರೋಗಿಗಳು, ಎಲ್ಲರೂ ಹೆಂಗಸರು. ಅವರಲ್ಲಿ 13 ಮಂದಿಗೆ ಕೀಲುನೋವಿತ್ತು.

ಆ ಕಾಲದಲ್ಲಿ ಕಣ್ಣು ಒಣಗಿತೆಂದರೆ ಎ ಜೀವಸತ್ವದ ಕೊರತೆಯೆಂಬ ಮಾತು ಬಳಕೆಯಲ್ಲಿತ್ತು. ಅದು ಹಸಿವಿನ ರೋಗ, ಮಕ್ಕಳನ್ನು ಕುರುಡು ಮಾಡುವಂಥದು. ತಾನು ಹೇಳುತ್ತಿರುವುದು ಅದಲ್ಲ ಎಂದು ತೋರಿಸಲು ಶೋಗ್ರನ್ ಹೊಸ ಹೆಸರನ್ನೇ ಕಟ್ಟಿದ. ರೋಸ್ ಬೆಂಗಾಲ್ ಎಂಬ ಕೆಂಬಣ್ಣವನ್ನು ಕಣ್ಣಿಗೆ ಹನಿಸಿ, ಒಣಗಿ ಕೆಟ್ಟ ಭಾಗವಷ್ಟೇ ಬಣ್ಣ ಹಿಡಿಯುವುದನ್ನು ತೋರಿಸಿದ. ಬಂಗಾಳದ ಹೆಸರನ್ನು ಹೊತ್ತ ಈ ಬಣ್ಣ ಬಂಗಾಳದ್ದಲ್ಲ. 1882ರಲ್ಲಿ ಸ್ವಿಟ್ಸರ್ಲೆಂಡಿನ ರಸಾಯನಜ್ಞನೊಬ್ಬ ತಯಾರಿಸಿದ್ದು. ಒಣಗಿದ ಕಣ್ಣಿಗೆ ಅದು ಬಿದ್ದರೆ ಖಾರ ಬಿದ್ದಂತೆ ಉರಿಯುತ್ತದಂತೆ. ಆ ಹೆಂಗಸರು ಅದನ್ನು ಸಹಿಸಿದರು. ಯಾರೋ ಒಬ್ಬರು ತಮ್ಮ ಮಾತನ್ನು ನಂಬಿದ್ದಾರೆಂಬುದೇ ಸಹಿಸಲು ಸಾಕಾಗಿತ್ತೇ ಎಂದು ನನಗೆ ಅನ್ನಿಸುವುದುಂಟು. ಇದು ನನ್ನ ಊಹೆ. ಆ 19 ಮಂದಿ ಏನು ಹೇಳಿದರೆಂಬುದು ನಾನು ಓದಿದ ಪುಸ್ತಕಗಳಲ್ಲಿಲ್ಲ.

ಪ್ರಬಂಧಕ್ಕೆ ಡಾಕ್ಟರೇಟೇನೋ ಬಂತು. ಆದರೆ ಪರೀಕ್ಷಕರು ಕೊಟ್ಟ ಶ್ರೇಣಿ ಡೋಸೆಂಟ್ ಎಂಬ ಬಿರುದಿಗೆ ಸಾಕಾಗಲಿಲ್ಲ. ಸ್ವೀಡನ್ನಿನ ಪದ್ಧತಿಯಲ್ಲಿ ಆ ಬಿರುದಿಲ್ಲದವನಿಗೆ ವಿಶ್ವವಿದ್ಯಾಲಯದ ದಾರಿ ಮುಚ್ಚಿದಂತೆಯೇ. ಪ್ರಬಂಧಗಳಿಗೆ ಅಂಕ ಹಾಕುವ ಕೆಲಸವನ್ನು ಬಹುಕಾಲ ಮಾಡಿದವನಾಗಿ ಈ ಭಾಗವನ್ನು ಓದುವಾಗ ನನಗೆ ಸ್ವಲ್ಪ ಇರುಸುಮುರುಸಾಯಿತು. ನನ್ನ ಕೈಯಲ್ಲಿ ಸಾಧಾರಣ ಎನ್ನಿಸಿಕೊಂಡವುಗಳಲ್ಲಿ ಏನೇನಿತ್ತೋ ಈಗ ನೆನಪಿಲ್ಲ. ಶೋಗ್ರನ್ ರಾಜಧಾನಿಯನ್ನು ಬಿಟ್ಟು ಯೋನ್‌ಶೋಪಿಂಗ್ ಎಂಬ ಪಟ್ಟಣಕ್ಕೆ ಹೋಗಿ ಅಲ್ಲಿನ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವನ್ನು ನೋಡಿಕೊಂಡ. ಸ್ವೀಡನ್ನಿನ ಬೆಂಕಿಪೊಟ್ಟಣಗಳಿಗೆ ಜಗತ್ತಿನಲ್ಲೆಲ್ಲ ಹೆಸರು ತಂದ ಊರು ಅದು. ಅಲ್ಲಿ ಶಸ್ತ್ರಕ್ರಿಯೆ ಮಾಡುತ್ತ, ಒಬ್ಬರ ಕಣ್ಣಿನ ಪಟಲವನ್ನು ಇನ್ನೊಬ್ಬರಿಗೆ ಕೂರಿಸುವ ವಿದ್ಯೆಯಲ್ಲಿ ಪಳಗುತ್ತ, ಒಣಕಣ್ಣಿನ ಬಗ್ಗೆ ಬಿಡುವಾದಾಗ ಬರೆಯುತ್ತ ಇದ್ದ.

ಅವನನ್ನು ಜಗತ್ತಿಗೆ ಕೊಟ್ಟವನು ಒಬ್ಬ ಅನುವಾದಕ. ಇದನ್ನು ಹೇಳುವಾಗ ನನಗೆ ಸಂತೋಷವೆನಿಸುತ್ತದೆ. ಅನುವಾದವನ್ನು ಎರಡನೆಯ ದರ್ಜೆಯ ಕೆಲಸವೆನ್ನುವವರ ನಡುವೆ ನಾನು ಬಾಳಿದವನು. ಆಸ್ಟ್ರೇಲಿಯದ ಕಣ್ಣಿನ ವೈದ್ಯ ಬ್ರೂಸ್ ಹ್ಯಾಮಿಲ್ಟನ್ ಈ ಪ್ರಬಂಧವನ್ನು ಜರ್ಮನ್ನಿನಿಂದ ಇಂಗ್ಲಿಷಿಗೆ ತಂದ. ಅದು ಸಿಡ್ನಿಯಲ್ಲಿ ಅಚ್ಚಾದದ್ದು 1943ರಲ್ಲಿ. ವರ್ಷವನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಜರ್ಮನ್ ಶತ್ರುಗಳ ಭಾಷೆಯಾಗಿತ್ತು. ಆ ಹೊತ್ತಿನಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಕುಳಿತು, ಹತ್ತು ವರ್ಷ ಹಳೆಯದಾದ, ಹೆಚ್ಚು ಅಂಕ ಸಿಕ್ಕದ ಒಂದು ಪ್ರಬಂಧವನ್ನು ಒಬ್ಬನು ಸಾಲುಸಾಲಾಗಿ ಅನುವಾದಿಸಿದ. ಅಲ್ಲಿಂದಾಚೆಗೆ ಇಂಗ್ಲಿಷ್ ಬಲ್ಲ ವೈದ್ಯರು ತಮ್ಮ ರೋಗಿಗಳಲ್ಲಿ ಇದನ್ನು ಗುರುತಿಸತೊಡಗಿದರು, ಹೆಸರು ನಿಂತಿತು. ಸ್ವಂತ ನಾಡು ಎಚ್ಚೆತ್ತದ್ದು ಆಮೇಲೆ: 1957ರಲ್ಲಿ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯ ಡೋಸೆಂಟ್ ಎಂದು ಕರೆಯಿತು, 1961ರಲ್ಲಿ ಸರ್ಕಾರ ಪ್ರೊಫೆಸರ್ ಎಂಬ ಗೌರವ ಬಿರುದನ್ನು ಕೊಟ್ಟಿತು. ಆಗ ಅವನಿಗೆ ಅರವತ್ತು ದಾಟಿತ್ತು.

ಗ್ರಂಥಿಗಳು ಯಾಕೆ ಬತ್ತುತ್ತವೆ ಎಂಬುದಕ್ಕೆ ಶೋಗ್ರನ್ನನ ಬಳಿ ಉತ್ತರವಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ದೇಹ ತನ್ನ ಮೇಲೆ ತಾನೇ ಕೈಮಾಡುವುದಿಲ್ಲ, ಅದು ಪ್ರಕೃತಿಗೆ ಹೇಸಿಗೆ ಎಂದು 20ನೆಯ ಶತಮಾನದ ಆರಂಭದಲ್ಲಿ ಪಾಲ್ ಎರ್ಲಿಕ್ ಎಂಬ ಮಹಾವಿಜ್ಞಾನಿ ಹೇಳಿದ್ದ. ಅವನ ಮಾತನ್ನು ದಾಟಲು ವಿಜ್ಞಾನಕ್ಕೆ ಐವತ್ತು ವರ್ಷ ಬೇಕಾಯಿತು. 1950ರ ದಶಕದಲ್ಲಿ ಗಂಟಲಿನ ಥೈರಾಯಿಡ್ ಗ್ರಂಥಿಯ ವಿಷಯದಲ್ಲಿ ಅದು ಸುಳ್ಳಾದಮೇಲೆ ಒಣಕಣ್ಣಿನ ರೋಗವೂ ಅದೇ ಸಾಲಿನದೆಂದು ತಿಳಿಯಿತು. ಅಮೆರಿಕದಲ್ಲಿ ಜೋಸೆಫ್ ಬುನಿಮ್ ಮತ್ತು ಅವನ ಸಂಗಡಿಗರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 62 ಮಂದಿಯ ಸಮಗ್ರ ವರದಿಯನ್ನು 1965ರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು, ಇಂಥ ರೋಗಿಗಳಲ್ಲಿ ಕೆಲವರಿಗೆ ಲಿಂಫೋಸೈಟುಗಳ ಕ್ಯಾನ್ಸರ್ ಬರುವುದುಂಟೆಂದು ಬುನಿಮ್ ಮತ್ತು ನಾರ್ಮನ್ ತಲಾಲ್ ಎಚ್ಚರಿಸಿದ್ದರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕಳುಹಿಸಿಬಿಡುವ ರೋಗ ಇದಲ್ಲ ಎಂಬುದಕ್ಕೆ ಇಷ್ಟು ಸಾಕು.

ಮಿಕುಲಿಚ್ಚನ ರೈತನನ್ನು ಮರೆಯಬಾರದು. ಅವನ ರೋಗವೂ ಶೋಗ್ರನ್ನನ ರೋಗವೂ ಸೂಕ್ಷ್ಮದರ್ಶಕದ ಕೆಳಗೆ ಒಂದೇ ಎಂದು 1953ರಲ್ಲಿ ಮೋರ್ಗನ್ ಮತ್ತು ಕ್ಯಾಸಲ್‌ಮನ್ ಎಂಬಿಬ್ಬರು ಬರೆದು, ಮಿಕುಲಿಚ್ಚನ ಹೆಸರು ಪುಸ್ತಕಗಳಿಂದ ಹಿಂದೆ ಸರಿಯಿತು. ಐವತ್ತು ವರ್ಷ ಕಳೆದಮೇಲೆ ಜಪಾನಿನ ವೈದ್ಯರು ಮತ್ತೆ ನೋಡಿ, ಅವೆರಡೂ ಬೇರೆ ಬೇರೆ ರೋಗಗಳೇ ಎಂದು ತೋರಿಸಿದ್ದಾರೆ. ಪಾಠಾಂತರಗಳನ್ನು ಶೋಧಿಸುವ ನಮ್ಮ ಗ್ರಂಥಸಂಪಾದಕರಿಗೆ ಈ ಬಗೆಯ ಅನುಭವ ಹೊಸದಲ್ಲ. ಜೋಡಿಸುವುದು ಎಷ್ಟು ಮುಖ್ಯವೋ ಜೋಡಿಸಿದ್ದನ್ನು ಬಿಚ್ಚುವುದೂ ಕೆಲವೊಮ್ಮೆ ಅಷ್ಟೇ ಮುಖ್ಯವಾಗುತ್ತದೆ.

ಅಕ್ಕನ ರಕ್ತದ ವರದಿಯಲ್ಲಿ ರೋ, ಲಾ ಎಂಬ ಎರಡು ಅಕ್ಷರಗಳ ಮುಂದೆ ಗುರುತಿತ್ತು. ಇವು ಗ್ರೀಕ್ ಅಕ್ಷರಗಳಿರಬೇಕೆಂದುಕೊಂಡಿದ್ದೆ. ಅಲ್ಲ. ರಕ್ತದಲ್ಲಿ ದೇಹದ ವಿರುದ್ಧವೇ ಹುಟ್ಟುವ ಎರಡು ಪ್ರತಿಕಣಗಳು ಅವು. ಅಮೆರಿಕದ ವೈದ್ಯರು ರೋ ಎಂಬುದನ್ನು 1969ರಲ್ಲಿಯೂ ಲಾ ಎಂಬುದನ್ನು ಅನಂತರವೂ ಪ್ರಕಟಿಸಿದಾಗ, ಅವು ಮೊದಲು ಸಿಕ್ಕಿದ ರೋಗಿಗಳ ಹೆಸರಿನ ಮೊದಲ ಎರಡೆರಡು ಅಕ್ಷರಗಳನ್ನೇ ಅವಕ್ಕೆ ಇಟ್ಟರು. ಈ ಇಡೀ ಚರಿತ್ರೆಯಲ್ಲಿ ಕಂಡವನ ಹೆಸರು ಪೂರ್ತಿಯಾಗಿ ಉಳಿಯಿತು, ನೊಂದವರ ಹೆಸರು ಎರಡಕ್ಷರ ಉಳಿಯಿತು. 19 ಹೆಂಗಸರಿಗೆ ಅಷ್ಟೂ ಉಳಿಯಲಿಲ್ಲ.

ರೋಗಿಗಳು ತಮ್ಮ ದನಿಯಲ್ಲಿ ಮಾತನಾಡತೊಡಗಿದ್ದು ಈಚೆಗೆ. ಎಲೇನ್ ಹ್ಯಾರಿಸ್ ಎಂಬ ಮಹಿಳೆ, ತಾನೇ ಈ ರೋಗದಿಂದ ನವೆದವಳು, 1983ರಲ್ಲಿ ಅಮೆರಿಕದಲ್ಲಿ ರೋಗಿಗಳ ಸಂಸ್ಥೆಯೊಂದನ್ನು ಕಟ್ಟಿದಳು. 2011ರಲ್ಲಿ ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ಅಮೆರಿಕನ್ ಓಪನ್ ಪಂದ್ಯಾವಳಿಯ ನಡುವೆ ಹಿಂದೆ ಸರಿದು ತನಗೆ ಈ ರೋಗವಿದೆಯೆಂದು ಲೋಕಕ್ಕೆ ತಿಳಿಸಿದಳು. ಅಂಥ ಕಸುವಿನ ದೇಹಕ್ಕೂ ಇದು ಬರುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಎಷ್ಟೋ ಹೆಂಗಸರ ಮಾತಿಗೆ ಬೆಲೆ ತಂದಿರಬೇಕು. ಇದನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಕಣ್ಣಿಗೆ ಕೃತಕ ಕಣ್ಣೀರು, ಬಾಯಿಗೆ ಅದೇ ಜಬೊರಾಂಡಿಯ ಸತ್ತ್ವ, ದೇಹದ ಒಳಜಗಳವನ್ನು ತಗ್ಗಿಸುವ ಕೆಲವು ಔಷಧಗಳು, ಇಷ್ಟರಲ್ಲಿ ಬಾಳು ನಡೆಯುತ್ತದೆ.

1986ರಲ್ಲಿ ಈ ಒಂದು ರೋಗಕ್ಕಾಗಿಯೇ ಮೊದಲ ಅಂತರರಾಷ್ಟ್ರೀಯ ವಿಚಾರಗೋಷ್ಠಿ ಕೋಪನ್‌ಹೇಗನ್ನಿನಲ್ಲಿ ಸೇರಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಶೋಗ್ರನ್ ಲುಂಡ್ ನಗರದಲ್ಲಿ ತೀರಿಕೊಂಡ. ಅವನ ಹುಟ್ಟಿದ ದಿನವಾದ ಜುಲೈ 23ನ್ನು ಈಗ ಈ ರೋಗದ ದಿನವೆಂದು ಲೋಕವೆಲ್ಲ ಆಚರಿಸುತ್ತಾರೆ.

ಅವನ ಹೆಸರಿನ ಬಗ್ಗೆ ಒಂದು ಮಾತು, ಭಾಷೆಯವನ ಚಪಲವೆಂದು ಕ್ಷಮಿಸಬೇಕು. ಸ್ವೀಡನ್ನಿನ ನುಡಿಯಲ್ಲಿ ಶೋ ಎಂದರೆ ಕೆರೆ, ಸರೋವರ. ಗ್ರೆನ್ ಎಂದರೆ ಕೊಂಬೆ. ಒಣಗುವ ರೋಗಕ್ಕೆ ಕೆರೆಯ ಹೆಸರು ಬಂದು ಕೂತಿದೆ. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ನಕ್ಕಳು. ಜೋಗ್ರನ್ ಎಂದು ವೈದ್ಯರು ಹೇಳಿದ ದಿನವೇ, "ಜೋಗದ ಹೆಸರಿಟ್ಟುಕೊಂಡು ಒಂದು ಹನಿ ನೀರಿಲ್ಲವಲ್ಲೋ ತಮ್ಮಾ" ಎಂದಿದ್ದವಳು ಅವಳು. ಸಾಗರದಿಂದ ಜೋಗ ದೂರವಿಲ್ಲ. ಬೇಸಗೆಯಲ್ಲಿ ಅದರ ಬಂಡೆ ಒಣಗಿ ನಿಲ್ಲುವುದನ್ನು ಅವಳು ಎಷ್ಟೋ ಸಲ ಕಂಡವಳು.

ಈಗ ಅವಳಿಗೆ ಎಪ್ಪತ್ತು ದಾಟಿದೆ. ದಿನಕ್ಕೆ ಆರು ಸಲ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾಳೆ. ಬೆರಳು ಸೊಟ್ಟಗಾಗಿರುವುದರಿಂದ ನಾನು ಹೋದಾಗ ನನ್ನ ಕೈಯಲ್ಲೇ ಹಾಕಿಸಿಕೊಳ್ಳುತ್ತಾಳೆ. ಹನಿ ಹೆಚ್ಚಾದರೆ ಕೆನ್ನೆಯ ಮೇಲೆ ಇಳಿಯುತ್ತದೆ, ಸೆರಗಿನಿಂದ ಒರೆಸಿಕೊಳ್ಳುತ್ತಾಳೆ. ಈ ಭಾಷಣವನ್ನು ಬರೆಯುವ ಮೊದಲು ಕೇಳಿದೆ: "ಅಕ್ಕಾ, ನಿನ್ನ ವಿಷಯ ರೇಡಿಯೋದಲ್ಲಿ ಹೇಳಬಹುದೇ? ಹೆಸರು ಹೇಳುವುದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಗುಟುಕು ನೀರು ಕುಡಿದು ಹೇಳಿದಳು: "ಹೇಳು. ಆದರೆ ಇವರು ಹೋದ ದಿನದ್ದನ್ನು ಬಿಡಬೇಡ. ಹಿತ್ತಲ ಜಗಲಿಯಲ್ಲಿ ಆಡಿಕೊಂಡದ್ದು ನನಗೂ ಕೇಳಿಸಿತ್ತು. ಆ ಮನೆಯಲ್ಲಿ ರೇಡಿಯೋ ಕೇಳುವವರು ಇನ್ನೂ ಇದ್ದಾರೆ."